ಈ ಮನಿ ಇನ್ನ ಎಷ್ಟ ವರ್ಸ ನಿಂದ್ರತೈತಿ?

ಹೋದ ಬೇಸಿಗೆ ರಜೆಗೆ ಹುಲಿಹೈದರಕ್ಕೆ ಹೋದಾಗ ಕಾಕಾ ಪಡಸಾಲೆಯ ಕಂಬಕ್ಕೆ ಒರಗಿ ಕೂತು ಕೇಳಿದ ಪ್ರಶ್ನೆ ಇದು. "ನೀ ಇಂಜಿನಿಯರಿಂಗ್ ಓದಾಕತ್ತೀಯಲ್ಲ, ಹೇಳಪಾ. ಕೆಡವಿ ಸ್ಲ್ಯಾಬ್ ಹಾಕಸೂದೋ, ಇಟ್ಕೊಳ್ಳೂದೋ?" ಪಕ್ಕದಲ್ಲಿ ಅಜ್ಜಿ ಅಕ್ಕಿ ಹಸನು ಮಾಡ್ತಾ ಕೂತಿದ್ದರು. ಏನೂ ಮಾತಾಡಲಿಲ್ಲ, ಆದರೆ ಮೊರ ಮಾತ್ರ ನಿಂತಿತು.

ಮೂರು ವರ್ಷ ಸಿವಿಲ್ ಓದಿದವನಿಗೆ ಉತ್ತರ ಗೊತ್ತಿರಲಿಲ್ಲ. ಆರ್‌ಸಿಸಿ ಬೀಮ್ ಡಿಸೈನ್ ಮಾಡು ಅಂದರೆ ಮಾಡ್ತೀನಿ. ಆದರೆ ಮರದ ಕಂಬ, ಮರದ ತೊಲೆ, ಮೇಲೆ ಮಣ್ಣು ಹೊತ್ತ ಮಾಳಿಗೆ ಮನೆ ನಮ್ಮ ಸಿಲೆಬಸ್ಸಿನಲ್ಲಿ ಎಲ್ಲೂ ಬರಲಿಲ್ಲ. ಆ ರಜೆಯಲ್ಲಿ ಕೂತು ನೋಡಿದ್ದು, ಅಳೆದದ್ದು, ಲೆಕ್ಕ ಹಾಕಿದ್ದು ಇಲ್ಲಿದೆ. ಕೊಪ್ಪಳ, ರಾಯಚೂರು, ಬಳ್ಳಾರಿ, ಗದಗ ಕಡೆಯ ಗೆಳೆಯರ ಊರಲ್ಲಿ ಇಂಥ ಮನೆ ಒಂದಾದರೂ ಇದ್ದೇ ಇರುತ್ತದೆ, ಹಾಗಾಗಿ ನಿಮಗೂ ಉಪಯೋಗಕ್ಕೆ ಬರಬಹುದು.

ಮನೆ ಅಂದರೆ ಎಷ್ಟು ಅಂಕಣ?

ನಮ್ಮ ಕಡೆ ಮನೆಯನ್ನು ಚದರಡಿಯಲ್ಲಿ ಅಳೆಯುತ್ತಿರಲಿಲ್ಲ, ಅಂಕಣದಲ್ಲಿ ಅಳೆಯುತ್ತಿದ್ದರು. ಒಂದು ಸಾಲು ಕಂಬದಿಂದ ಮುಂದಿನ ಸಾಲು ಕಂಬದವರೆಗಿನ ಜಾಗ ಒಂದು ಅಂಕಣ. "ಮೂರಂಕಣದ ಮನಿ", "ಐದಂಕಣದ ಮನಿ" ಅಂದರೆ ಸಾಕು, ಆ ಮನೆ ಎಷ್ಟು ದೊಡ್ಡದು ಅಂತ ಗೊತ್ತಾಗುತ್ತಿತ್ತು. ಗಮನಿಸಿ, ಇದು ಪೂರಾ ಸ್ಟ್ರಕ್ಚರಲ್ ಭಾಷೆ. ನಾವು ಫ್ರೇಮ್ಡ್ ಸ್ಟ್ರಕ್ಚರ್‌ನಲ್ಲಿ 'ಬೇ' ಅಂತ ಓದುವುದನ್ನು ಅಜ್ಜಿ ಅಂಕಣ ಅಂತಾರೆ, ಅಷ್ಟೇ ವ್ಯತ್ಯಾಸ.

ಕೆಳಗಿನಿಂದ ಮೇಲಕ್ಕೆ ನೋಡೋಣ. ನೆಲದಲ್ಲಿ ಒಂದು ಅಡಿಗಲ್ಲು. ಅದರ ಮೇಲೆ ಮರದ ಕಂಬ. ಕಂಬದ ತಲೆಗೆ ಎರಡೂ ಕಡೆ ಕೈ ಚಾಚಿದ ಬೋದಿಗೆ. ಬೋದಿಗೆ ಮೇಲೆ ತೊಲೆ. ತೊಲೆಗೆ ಅಡ್ಡಲಾಗಿ ಗೇಣು, ಒಂದೂವರೆ ಗೇಣಿಗೆ ಒಂದರಂತೆ ಜಂತಿ. ಜಂತಿ ಮೇಲೆ ಒತ್ತೊತ್ತಾಗಿ ಜೋಡಿಸಿದ ಸಣ್ಣ ಕಟ್ಟಿಗೆ ತುಂಡುಗಳು. ಅದರ ಮೇಲೆ ಬೇವಿನ ಸೊಪ್ಪು, ಬಂದರಿಕೆ ಸೊಪ್ಪಿನ ಹಾಸು. ಆಮೇಲೆ ಮಣ್ಣು. ಕೊನೆಗೆ, ಎಲ್ಲಕ್ಕಿಂತ ಮೇಲೆ, ಸವಳು ಮಣ್ಣಿನ ಒಂದು ಪದರ.

ಆ ಸವಳು ಮಣ್ಣೇ ಈ ಮನೆಯ ವಾಟರ್‌ಪ್ರೂಫಿಂಗ್. ಹೊಲದಲ್ಲಿ ಸವಳು ಬಂದರೆ ರೈತ ಅಳುತ್ತಾನೆ, ಯಾಕಂದರೆ ಅಲ್ಲಿ ನೀರು ಇಂಗಲ್ಲ, ಬೆಳೆ ಬರಲ್ಲ. ಮಾಳಿಗೆಗೆ ಬೇಕಾದದ್ದೂ ಅದೇ ಎರಡು ಗುಣ! ಸೋಡಿಯಂ ಹೆಚ್ಚಿರುವ ಜೇಡಿಯ ಕಣಗಳು ನೀರು ಬಿದ್ದಾಗ ಬಿಡಿಬಿಡಿಯಾಗಿ ಹರಡಿ ಮಣ್ಣಿನ ಸಂದುಗಳನ್ನು ಮುಚ್ಚಿಬಿಡುತ್ತವೆ. ನೀರು ಒಳಗಿಳಿಯುವ ಬದಲು ಮೇಲೆ ಹರಿದು ದೋಣಿಯಿಂದ ಹೊರಗೆ ಬೀಳುತ್ತದೆ. ಉಪ್ಪಿನಂಶಕ್ಕೆ ಹುಲ್ಲು, ಗಿಡ ಬೇಗ ಬೇರು ಬಿಡುವುದಿಲ್ಲ. ಹೊಲದ ರೋಗವನ್ನೇ ಮನೆಯ ಔಷಧಿ ಮಾಡಿಕೊಂಡ ಜನ ನಮ್ಮವರು.

ಇದು ಇಲ್ಲಿನ ಹವೆಗೆ ಮಾತ್ರ ನಡೆಯುವ ಲೆಕ್ಕ ಅನ್ನುವುದನ್ನು ಮರೆಯಬಾರದು. ಕೊಪ್ಪಳ ಸೀಮೆಯಲ್ಲಿ ವರ್ಷಕ್ಕೆ ಬೀಳುವ ಮಳೆ 600 ಮಿ.ಮೀ. ಆಸುಪಾಸು. ಬಿಸಿಲು ಮಾತ್ರ 40 ಡಿಗ್ರಿ ದಾಟುತ್ತದೆ. ಒಂದು ಗೇಣು ದಪ್ಪದ ಮಣ್ಣನ್ನು ಮೇಲಿನ ಬಿಸಿ ದಾಟಿ ಒಳಗೆ ಬರಲು ಏಳೆಂಟು ತಾಸು ಬೇಕು. ಅಷ್ಟೊತ್ತಿಗೆ ಸಂಜೆಯಾಗಿರುತ್ತದೆ, ಜನ ಹೊರಗಿನ ಕಟ್ಟೆಗೆ ಬಂದಿರುತ್ತಾರೆ. ಐದಿಂಚಿನ ಸ್ಲ್ಯಾಬಿನಲ್ಲಿ ಅದೇ ಬಿಸಿ ಮೂರು ನಾಲ್ಕು ತಾಸಿಗೆಲ್ಲ ನೆತ್ತಿ ಮೇಲೆ ಬಂದು ಕೂರುತ್ತದೆ.

ವೇಲ್ಸ್‌ನ ಕಟ್ಟಿಗೆ, ನಮ್ಮ ಕಟ್ಟಿಗೆ

ಬ್ರಿಟನ್ನಿನ ವೇಲ್ಸ್‌ನಲ್ಲಿ ಲ್ಯಾನಿಡ್ಲೋಸ್ ಅಂತ ಒಂದು ಸಣ್ಣ ಊರಿದೆ. ಊರಿನ ನಟ್ಟನಡುವೆ ಮರದ ಚೌಕಟ್ಟಿನ ಹಳೇ ಸಂತೆ ಕಟ್ಟಡ. ಅದರ ಮರದೊಳಗಿನ ವರ್ಷದ ಬಳೆಗಳನ್ನು ಎಣಿಸಿ, 1612ರಿಂದ 1622ರ ನಡುವೆ ಕಡಿದ ಓಕ್ ಮರ ಇದು ಅಂತ ತಜ್ಞರು ಹೇಳಿದ್ದಾರೆ. ಅಲ್ಲಿನ ಹಳೇ ಮನೆಗಳೂ ಇದೇ ಜಾತಿಯವು. ಓಕ್ ಮರದ ಚೌಕಟ್ಟು ನಿಲ್ಲಿಸಿ, ನಡುವಿನ ಖಾಲಿ ಜಾಗಕ್ಕೆ ಬರಲು ಹೆಣೆದು, ಮಣ್ಣು ಸಗಣಿ ಹುಲ್ಲು ಕಲಸಿ ಮೆತ್ತುತ್ತಿದ್ದರು. ಕೇಳಿದರೆ ನಮ್ಮೂರಿನ ವಿಷಯ ಅನಿಸಲ್ವಾ?

ಆದರೆ ಎರಡು ಮುಖ್ಯ ವ್ಯತ್ಯಾಸಗಳಿವೆ. ಒಂದು, ವೇಲ್ಸ್‌ನಲ್ಲಿ ಸರಾಸರಿ ಮಳೆ 1400 ಮಿ.ಮೀ.ಗಿಂತ ಹೆಚ್ಚು. ಅಲ್ಲಿ ಮಣ್ಣಿನ ಮಾಳಿಗೆ ಒಂದು ಚಳಿಗಾಲವೂ ಬದುಕುವುದಿಲ್ಲ. ಹಾಗಾಗಿ ಕಡಿದಾದ ಇಳಿಜಾರು, ಮೇಲೆ ಸ್ಲೇಟ್ ಕಲ್ಲು. ಎರಡು, ಅವರ ಚೌಕಟ್ಟಿನಲ್ಲಿ ಮೂಲೆಗೆ ಓರೆಯಾಗಿ ಕೊಟ್ಟ ಮರಗಳಿರುತ್ತವೆ. ಅವು ತ್ರಿಕೋನ ಮಾಡಿಕೊಂಡು ಇಡೀ ಚೌಕಟ್ಟು ಪಕ್ಕಕ್ಕೆ ವಾಲದಂತೆ ಹಿಡಿಯುತ್ತವೆ. ನಮ್ಮ ಮಾಳಿಗೆ ಮನೆಯಲ್ಲಿ ಆ ಓರೆ ಮರ ಇಲ್ಲ. ಕಂಬ, ತೊಲೆ, ಜಂತಿ ಎಲ್ಲ ನೆಟ್ಟಗೆ, ಅಡ್ಡಕ್ಕೆ. ಹಾಗಾದರೆ ಪಕ್ಕಕ್ಕೆ ವಾಲದಂತೆ ಹಿಡಿಯೋರು ಯಾರು? ಎರಡು ಎರಡೂವರೆ ಅಡಿ ದಪ್ಪದ ಕಲ್ಲು ಮಣ್ಣಿನ ಗೋಡೆ.

ಇದನ್ನು ಒಂದೇ ಸಾಲಲ್ಲಿ ನೆನಪಿಟ್ಟುಕೊಳ್ಳಿ: ಭಾರಕ್ಕೆ ಕಂಬ, ಅಲುಗಾಟಕ್ಕೆ ಗೋಡೆ. "ಭಾರ ಎಲ್ಲ ಕಂಬದ ಮೇಲಿದೆ, ಗೋಡೆ ಒಡೆದರೇನಾತು" ಅಂತ ಪಡಸಾಲೆ ದೊಡ್ಡದು ಮಾಡಲು ಗೋಡೆ ತೆಗೆಸುವವರು ಈ ಎರಡನೇ ಅರ್ಧವನ್ನು ಮರೆತಿರುತ್ತಾರೆ.

ಒಂದಿಷ್ಟು ಲೆಕ್ಕ

ಈಗ ಕ್ಯಾಲ್ಕುಲೇಟರ್ ತಗೊಳ್ಳಿ. ಅಂಕಣ 2.4 ಮೀಟರ್, ಅಂದರೆ ಎಂಟಡಿ. ಕಂಬದ ಸಾಲಿನಲ್ಲೂ ಕಂಬಕ್ಕೆ ಕಂಬ ಎಂಟಡಿ. ಮೇಲೆ 25 ಸೆಂ.ಮೀ. ಮಣ್ಣು. ಒಣ ಮಣ್ಣಿನ ತೂಕ ಘನ ಮೀಟರಿಗೆ 17 ಕಿಲೋನ್ಯೂಟನ್ ಅಂತ ಇಟ್ಕೊಳ್ಳೋಣ. ಜಂತಿ, ಕಟ್ಟಿಗೆ, ಸೊಪ್ಪಿಗೆ ಇನ್ನೊಂದು ಅರ್ಧ ಕಿಲೋನ್ಯೂಟನ್. ಒಟ್ಟು ಚದರ ಮೀಟರಿಗೆ 4.75 ಕಿಲೋನ್ಯೂಟನ್. ಐದಿಂಚಿನ ಆರ್‌ಸಿಸಿ ಸ್ಲ್ಯಾಬಿನ ಸ್ವಂತ ತೂಕ ಸುಮಾರು 3.1 ಮಾತ್ರ. ಅಂದರೆ 'ಬರೀ ಮಣ್ಣಿನ ಮಾಳಿಗೆ' ನಮ್ಮ ಕಾಂಕ್ರೀಟಿಗಿಂತ ಒಂದೂವರೆ ಪಟ್ಟು ಭಾರ! ನನಗೂ ಇದು ಹೊಸ ವಿಷಯವಾಗಿತ್ತು.

ಒಂದು ಒಳಗಂಬದ ಮೇಲೆ ಬರುವ ಭಾರ 2.4 ಗುಣಿಸು 2.4 ಗುಣಿಸು 4.75, ಅಂದರೆ ಸುಮಾರು 27 ಕಿಲೋನ್ಯೂಟನ್. ಹತ್ತಿರ ಹತ್ತಿರ ಎರಡೂಮುಕ್ಕಾಲು ಟನ್. ಕಂಬ 15 ಸೆಂ.ಮೀ. ಚೌಕ ಇದ್ದರೆ ಒತ್ತಡ ಚದರ ಮಿ.ಮೀ.ಗೆ 1.2 ನ್ಯೂಟನ್. ಒಳ್ಳೆ ಮರಕ್ಕೆ ಇದು ಏನೇನೂ ಅಲ್ಲ. ಕಂಬ ಆರಾಮಾಗಿದೆ.

ತೊಲೆಯ ಕಥೆ ಬೇರೆ. ತೊಲೆ ಮೇಲೆ ಪ್ರತಿ ಮೀಟರಿಗೆ 11.4 ಕಿಲೋನ್ಯೂಟನ್. ಬೋದಿಗೆ ಇಲ್ಲ ಅಂತ ಅಂದುಕೊಂಡು, ಡಬ್ಲ್ಯೂ ಎಲ್ ಸ್ಕ್ವೇರ್ ಬೈ 8 ಹಾಕಿದರೆ 8.2 ಕಿಲೋನ್ಯೂಟನ್ ಮೀಟರ್. ತೊಲೆ 15 ಸೆಂ.ಮೀ. ಅಗಲ, 20 ಸೆಂ.ಮೀ. ಎತ್ತರ ಇದ್ದರೆ ಬಾಗುವಿಕೆಯ ಒತ್ತಡ 8.2 ನ್ಯೂಟನ್. ಒಳ್ಳೆ ಸಾಗವಾನಿಗೆ 14ರವರೆಗೆ ಪರವಾಗಿಲ್ಲ, ಹಳೇ ಬೇವಿನ ತೊಲೆಗೆ ಹುಷಾರಾಗಿ 10 ಅಂತ ಮಿತಿ ಹಾಕಿಕೊಳ್ಳೋಣ. ಆಗ 8.2 ಅಂದರೆ ಸ್ವಲ್ಪ ಬಿಗಿ.

ಈಗ ಬೋದಿಗೆ ಸೇರಿಸಿ. ಎರಡೂ ಕಡೆ ಒಂದೊಂದು ಅಡಿ ಕೈ ಚಾಚಿದೆ ಅಂದರೆ ತೊಲೆಯ ಖಾಲಿ ಉದ್ದ 2.4ರಿಂದ 1.8 ಮೀಟರಿಗೆ ಇಳಿಯಿತು. ಉದ್ದದ ವರ್ಗ ಲೆಕ್ಕಕ್ಕೆ ಬರುವುದರಿಂದ ಒತ್ತಡ 8.2ರಿಂದ 4.6ಕ್ಕೆ ಬಂತು. ಇದು ಅಂದಾಜು ಲೆಕ್ಕ, ಬೋದಿಗೆಯ ತುದಿ ಪೂರ್ತಿ ಆಧಾರ ಕೊಡುವುದಿಲ್ಲ ಅನ್ನುವುದು ನಿಜ. ಆದರೂ ನಾವು ಚಂದಕ್ಕೆ ಕೆತ್ತಿದ್ದಾರೆ ಅಂದುಕೊಂಡ ಆ ಬಳ್ಳಿ, ಗಿಳಿ, ಕಮಲದ ಬೋದಿಗೆ ನಿಜಕ್ಕೂ ಮಾಡುತ್ತಿರುವ ಕೆಲಸ ಎಂಥದ್ದು ನೋಡಿ. ಬಡಿಗೇರರು ಡಬ್ಲ್ಯೂ ಎಲ್ ಸ್ಕ್ವೇರ್ ಓದಿರಲಿಲ್ಲ. ಆದರೆ ಬೋದಿಗೆ ಇಲ್ಲದೆ ಕಂಬ ನಿಲ್ಲಿಸುತ್ತಿರಲಿಲ್ಲ.

ಹಾಗಾದರೆ ಬೀಳೋದ್ಯಾಕೆ?

ಮಳೆಗಾಲದಲ್ಲಿ ಮಾಳಿಗೆ ಕುಸಿದು ಮಲಗಿದವರು ಸತ್ತ ಸುದ್ದಿ ನಮ್ಮ ಕಡೆಯ ಪೇಪರಿನಲ್ಲಿ ಹೊಸದಲ್ಲ. 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ದಿನಗಳ ಆ ಮಹಾಮಳೆಯಲ್ಲಿ ಉತ್ತರ ಕರ್ನಾಟಕದಲ್ಲಿ ಇನ್ನೂರಕ್ಕೂ ಹೆಚ್ಚು ಜನ ತೀರಿಕೊಂಡರು, ಮಣ್ಣಿನ ಮನೆಗಳು ಲೆಕ್ಕವಿಲ್ಲದಷ್ಟು ಬಿದ್ದವು. ಹಳೇ ಮನೆಯ ಮೇಲಿನ ಪ್ರೀತಿಯಲ್ಲಿ ಈ ಮಾತನ್ನು ಬದಿಗಿಡುವಂತಿಲ್ಲ. ಅದಕ್ಕೇ ಲೆಕ್ಕ ಮುಂದುವರಿಸೋಣ.

ಮಾಳಿಗೆ ಸೋರಿದಾಗ ಏನು ಮಾಡ್ತಾರೆ? ಮೇಲೆ ಇನ್ನಷ್ಟು ಮಣ್ಣು ಹಾಕ್ತಾರೆ. ಹಳೆಯದನ್ನು ತೆಗೆಯುವುದಿಲ್ಲ. ಮೂವತ್ತು ನಲವತ್ತು ವರ್ಷ ಹೀಗೆ ನಡೆದರೆ 25 ಸೆಂ.ಮೀ. ಇದ್ದದ್ದು 40 ಆಗುತ್ತದೆ. ನಮ್ಮ ತೊಲೆಯ ಒತ್ತಡ ಬೋದಿಗೆ ಇದ್ದೂ 4.6ರಿಂದ 7.1ಕ್ಕೆ ಏರುತ್ತದೆ. ಮೂರು ದಿನ ಜಡಿಮಳೆ ಹಿಡಿದು ಮಣ್ಣು ನೀರು ಕುಡಿದರೆ ಅದರ ತೂಕ 17ರಿಂದ 20ಕ್ಕೆ ಹೋಗುತ್ತದೆ, ಒತ್ತಡ 8.3. ಇಷ್ಟರಲ್ಲಿ ತೊಲೆಯ ಮೇಲ್ಭಾಗವನ್ನು ಗೆದ್ದಲು, ನಮ್ಮ ಮಾತಲ್ಲಿ ಒರಲಿ, ನಾಲ್ಕು ಸೆಂ.ಮೀ. ತಿಂದಿದೆ ಅಂತಿಟ್ಟುಕೊಳ್ಳಿ. ಇಪ್ಪತ್ತಿದ್ದ ಎತ್ತರ ಹದಿನಾರು ಆಯಿತು. ಐದನೇ ಒಂದು ಭಾಗ ಹೋಯಿತು ಅಷ್ಟೇ ಅನಿಸುತ್ತದೆ, ಆದರೆ ಎತ್ತರದ ವರ್ಗದ ಲೆಕ್ಕದಲ್ಲಿ ಶಕ್ತಿ ಮೂರರಲ್ಲೊಂದು ಭಾಗಕ್ಕಿಂತ ಹೆಚ್ಚು ಹೋಯಿತು. ಈಗ ಒತ್ತಡ 12.9. ನಾವು ಹಾಕಿಕೊಂಡ ಮಿತಿ 10.

ನೋಡಿ, ಯಾವ ಒಂದು ಕಾರಣವೂ ಒಂಟಿಯಾಗಿ ಮನೆ ಬೀಳಿಸಲಿಲ್ಲ. ಹೆಚ್ಚಾದ ಮಣ್ಣು, ನೀರು, ಒರಲಿ ಮೂರೂ ಒಂದೇ ರಾತ್ರಿ ಸೇರಿದವು. ಶಿಶುನಾಳ ಶರೀಫರು ಬದುಕನ್ನು ಸೋರುವ ಮಾಳಿಗೆಗೆ ಹೋಲಿಸಿ ಹಾಡುವಾಗ ಅದು ಕೇಳಿದವರಿಗೆಲ್ಲ ತಟ್ಟಿದ್ದಕ್ಕೆ ಕಾರಣ ಇದೇ ಇರಬೇಕು. ಅವರೆಲ್ಲರ ಮನೆಯಲ್ಲೂ ಆ ಭಯ ಇತ್ತು.

1993ರ ಸೆಪ್ಟೆಂಬರ್ 30ರ ಕಿಲ್ಲಾರಿ ಭೂಕಂಪದ್ದೂ ಇದೇ ಪಾಠ. ನಮ್ಮ ಗಡಿಯಾಚೆಯ ಲಾತೂರು, ಉಸ್ಮಾನಾಬಾದ್ ಸೀಮೆಯಲ್ಲಿ ಸಾವಿರಾರು ಜನ ಸತ್ತದ್ದು ಕಲ್ಲಿನ ಗೋಡೆ, ದಪ್ಪ ಮಣ್ಣಿನ ಮಾಳಿಗೆಯ ಮನೆಗಳಲ್ಲಿ. ಅಲ್ಲೂ ಕಂಬ ತೊಲೆಯ ಗಟ್ಟಿ ಚೌಕಟ್ಟು ಇದ್ದ ಎಷ್ಟೋ ಮನೆಗಳಲ್ಲಿ ಗೋಡೆ ಹೊರಗೆ ಬಿದ್ದರೂ ಮರ ನಿಂತಿತ್ತು. ತೊಲೆಯನ್ನು ನೇರ ಗೋಡೆ ಮೇಲೆ ಊರಿದ್ದ ಮನೆಗಳಲ್ಲಿ ಗೋಡೆ ಹೋದೊಡನೆ ಮಾಳಿಗೆಯೂ ಬಂತು. ಹೊರಗಿನಿಂದ ಎರಡೂ ಮನೆ ಒಂದೇ ಥರ ಕಾಣುತ್ತವೆ.

ನಿಮ್ಮ ಮನೆ ನೋಡುವುದು ಹೇಗೆ?

ಊರಿಗೆ ಹೋದಾಗ ಅರ್ಧ ದಿನ ಕೊಡಿ, ಇಷ್ಟು ನೋಡಿ.

ಮೊದಲು, ಗೋಡೆ ಬದಿಗೂ ಕಂಬ ಇದೆಯಾ? ಇದ್ದರೆ ಅದು ನಿಜವಾದ ಚೌಕಟ್ಟಿನ ಮನೆ. ನಡುವೆ ಮಾತ್ರ ಕಂಬ ಇದ್ದು ತೊಲೆಯ ಇನ್ನೊಂದು ತುದಿ ಗೋಡೆಯೊಳಗೆ ಹೋಗಿದ್ದರೆ ಗೋಡೆಯೂ ಭಾರ ಹೊತ್ತಿದೆ, ಆ ಗೋಡೆಯನ್ನು ಕಂಬದಷ್ಟೇ ಜೋಪಾನ ಮಾಡಬೇಕು.

ಎರಡು, ಕುಂಬಿಯ ಎತ್ತರ ಮೇಲಿನಿಂದ ನೋಡಿ. ಮೊಣಕಾಲುದ್ದ ಇದ್ದ ಕುಂಬಿ ಈಗ ಗೇಣುದ್ದ ಉಳಿದಿದ್ದರೆ ಕುಂಬಿ ಗಿಡ್ಡ ಆಗಿಲ್ಲ, ಮಣ್ಣು ಏರಿದೆ.

ಮೂರು, ಕಂಬದ ಬುಡ, ತೊಲೆಯ ತುದಿ, ಗೋಡೆಯೊಳಗೆ ಹೋದ ಜಾಗ. ಸುತ್ತಿಗೆ ಹಿಡಿಯಿಂದ ಮೆಲ್ಲಗೆ ಬಡಿಯಿರಿ. ಗಟ್ಟಿ ಮರ ಟಣ್ ಅಂತದೆ, ಟೊಳ್ಳು ಮರ ಬೊದ್ ಅಂತದೆ. ಸ್ಕ್ರೂಡ್ರೈವರ್ ಒತ್ತಿದರೆ ಬೆಣ್ಣೆಯಂತೆ ಒಳಗೆ ಹೋಯಿತೋ, ಆ ಮರ ಮುಗಿಯಿತು.

ನಾಲ್ಕು, ಸಿಮೆಂಟ್ ಎಲ್ಲೆಲ್ಲಿ ಹಾಕಿದ್ದಾರೆ? ಮರದಲ್ಲಿ ತೇವ ಶೇಕಡಾ 20ರ ಒಳಗಿದ್ದರೆ ಅದಕ್ಕೆ ಬೂಷ್ಟು ಹಿಡಿದು ಕೊಳೆಯುವುದಿಲ್ಲ. ಅಡಿಗಲ್ಲಿನ ಕೆಲಸ ಅದೇ, ನೆಲದ ತೇವವನ್ನು ಕಂಬಕ್ಕೆ ಮುಟ್ಟಿಸದೇ ಇರುವುದು. ನಾವು ಟೈಲ್ಸ್ ಹಾಕುವ ಖುಷಿಯಲ್ಲಿ ನೆಲ ಎತ್ತರಿಸಿ ಅಡಿಗಲ್ಲು ಮುಚ್ಚಿ ಕಂಬದ ಬುಡವನ್ನು ಕಾಂಕ್ರೀಟಿನಲ್ಲಿ ಹೂತುಬಿಡುತ್ತೇವೆ. ನೂರು ವರ್ಷ ಒಣಗಿ ನಿಂತಿದ್ದ ಕಂಬ ಹತ್ತು ವರ್ಷಕ್ಕೆ ಕೊಳೆಯುತ್ತದೆ. ಮಣ್ಣಿನ ಗೋಡೆಗೆ ಸಿಮೆಂಟ್ ಪ್ಲಾಸ್ಟರ್ ಮಾಡಿದರೂ ಹೀಗೇ, ಒಳಗಿನ ತೇವಕ್ಕೆ ಹೊರಗೆ ಹೋಗಲು ದಾರಿ ಇಲ್ಲ.

ಅನುಮಾನ ಬಂದ ತೊಲೆಗೆ ಮೊದಲು ಆನಿಕೆ ಕೊಡಿ, ಆಮೇಲೆ ಉಳಿದ ಮಾತು. ಮಣ್ಣು ತೆಗೆಯುವಾಗ ಎಲ್ಲವನ್ನೂ ಒಂದೇ ಕಡೆ ಗುಡ್ಡೆ ಹಾಕಬೇಡಿ, ಅಲ್ಲೇ ಕುಸಿಯುತ್ತದೆ. ಕೆಟ್ಟದ್ದು ಕಂಬದ ಬುಡ ಮಾತ್ರವಾದರೆ ಅಷ್ಟನ್ನೇ ಕತ್ತರಿಸಿ ಎತ್ತರದ ಕಲ್ಲು ಕೊಡಬಹುದು ಅಥವಾ ಹೊಸ ಮರ ಬೆಸೆಯಬಹುದು. ಇಂಥ ಕೆಲಸ ಬಲ್ಲ ಬಡಿಗೇರರು, ಗೌಂಡಿಗಳು ಊರಲ್ಲಿ ಇನ್ನೂ ಇದ್ದಾರೆ, ಹೆಚ್ಚಿನವರಿಗೆ ವಯಸ್ಸಾಗಿದೆ.

ಕುಕನೂರಿನ ಮಹಲು ಮಣಿಪಾಲದಲ್ಲಿ

ನಮ್ಮ ಜಿಲ್ಲೆಯ ಮರದ ಕಟ್ಟಡಗಳಲ್ಲಿ ಒಂದನ್ನು ನೋಡಬೇಕಂದರೆ ಇವತ್ತು ಸಮುದ್ರದ ಕಡೆ ಹೋಗಬೇಕು. ಮೊದಲು ಯಲಬುರ್ಗಾ ತಾಲ್ಲೂಕಿನಲ್ಲಿದ್ದ ಕುಕನೂರಿನ ಕಮಲ್ ಮಹಲ್ ಈಗ ಇರುವುದು ಮಣಿಪಾಲದ ಹಸ್ತಶಿಲ್ಪ ಪಾರಂಪರಿಕ ಗ್ರಾಮದಲ್ಲಿ. ವಿಜಯನಗರ ಕಾಲದ, 1341ರ ಕಟ್ಟಡ ಎಂದು ಅಲ್ಲಿನವರು ಗುರುತಿಸುತ್ತಾರೆ. 2017ರಲ್ಲಿ ತೀರಿಕೊಂಡ ವಿಜಯನಾಥ ಶೆಣೈ ಅವರು ಕೆಡವುವ ಸ್ಥಿತಿಗೆ ಬಂದಿದ್ದ ಮನೆಗಳನ್ನು ನಾಡಿನ ಮೂಲೆಮೂಲೆಯಿಂದ ಬಿಚ್ಚಿ ತಂದು ಅಲ್ಲಿ ಮತ್ತೆ ನಿಲ್ಲಿಸಿದರು. ಮುಧೋಳದ ಅರಮನೆಯ ದರ್ಬಾರ್ ಹಾಲ್, ಬೀದರಿನ ನವಾಬ್ ಮಹಲ್ ಕೂಡ ಅಲ್ಲಿವೆ.

ಇದು ಸಾಧ್ಯವಾದದ್ದೂ ಮರದ ಚೌಕಟ್ಟಿನ ಗುಣದಿಂದಲೇ. ಒಂದರಲ್ಲಿ ತೂತು, ಇನ್ನೊಂದರಲ್ಲಿ ನಾಲಿಗೆ ಮಾಡಿ ಕೂಡಿಸಿದ ಚೌಕಟ್ಟನ್ನು ಗುರುತು ಹಾಕಿ ಬಿಚ್ಚಬಹುದು, ಮತ್ತೆ ಜೋಡಿಸಬಹುದು. ಆರ್‌ಸಿಸಿ ಕಟ್ಟಡವನ್ನು ಒಡೆಯಬಹುದು, ಬಿಚ್ಚಲಾಗದು.

ಶೆಣೈಯವರು ತರದಿದ್ದರೆ ಅದು ಉಳಿಯುತ್ತಿತ್ತೇ ಅನ್ನುವುದು ನ್ಯಾಯವಾದ ಪ್ರಶ್ನೆ. ಆದರೆ ಕುಕನೂರಿನ ಹುಡುಗ ತನ್ನೂರಿನ ಬಡಿಗೇರರ ಕೈಕೆಲಸ ನೋಡಲು ಘಟ್ಟ ಇಳಿಯಬೇಕು ಅನ್ನುವಾಗ ಒಂಥರಾ ಆಗುತ್ತದೆ. ನಮ್ಮ ಗಂಗಾವತಿ ತಾಲ್ಲೂಕಿನ ಆನೆಗುಂದಿಯಲ್ಲಿ 1997ರಿಂದ ಕೆಲಸ ಮಾಡುತ್ತಿರುವ ಕಿಷ್ಕಿಂಧ ಟ್ರಸ್ಟ್ ಬೇರೆ ದಾರಿ ತೋರಿಸಿದೆ. ಅಲ್ಲಿ ಹಳೇ ಮನೆಗಳನ್ನು ಇದ್ದಲ್ಲೇ ದುರಸ್ತಿ ಮಾಡಿ ಬಳಕೆಗೆ ತಂದಿದ್ದಾರೆ. ಕಣ್ಣಿದ್ದವರು ಕನಕಗಿರಿ ನೋಡಬೇಕು, ಕಾಲಿದ್ದವರು ಹಂಪಿ ನೋಡಬೇಕು ಅನ್ನುವ ನಮ್ಮ ಗಾದೆ ಗುಡಿಗಳ ಬಗ್ಗೆ ಇರಬಹುದು. ಮನೆಗಳನ್ನೂ ಸ್ವಲ್ಪ ನೋಡೋಣ.

ಲ್ಯಾನಿಡ್ಲೋಸ್‌ನ ಕಟ್ಟಡಕ್ಕೆ ಸರ್ಕಾರದ ಗ್ರೇಡ್ 1 ರಕ್ಷಣೆ ಇದೆ. ಹುಲಿಹೈದರದ ಮನೆಗೆ ಕಾಕಾನೇ ರಕ್ಷಣೆ, ಕಾಕಾನೇ ಸರ್ಕಾರ. ಸ್ಲ್ಯಾಬ್ ಹಾಕಿಸಬೇಕು ಅನ್ನುವ ಅವರ ಆಸೆ ತಪ್ಪೂ ಅಲ್ಲ. ವರ್ಷ ವರ್ಷ ಮಣ್ಣು ಹೊರುವ ಆಳುಗಳು ಸಿಗುವುದಿಲ್ಲ. ಸೋರುವ ಮನೆಯಲ್ಲಿ ಮಲಗುವ ಕಷ್ಟ ಮಲಗಿದವರಿಗೇ ಗೊತ್ತು.

ಕಾಕಾಗೆ ಕೊಟ್ಟ ಉತ್ತರ

ನಾಲ್ಕು ದಿನ ಏಣಿ ಹತ್ತಿ ಇಳಿದ ಮೇಲೆ ಸಿಕ್ಕಿದ್ದು ಇದು. ಮುಂದಿನ ಮೂರು ಅಂಕಣ, ಅಂದರೆ ಪಡಸಾಲೆಯ ಭಾಗ, ಗಟ್ಟಿ ಇತ್ತು. ಗೋಡೆ ಬದಿಗೂ ಕಂಬ ಇದ್ದವು, ತೊಲೆ ಟಣ್ ಅಂದವು. ಹಿಂದಿನ ಅಡುಗೆಮನೆಯ ಅಂಕಣದ ತೊಲೆ, ಬಚ್ಚಲ ನೀರು ಕುಡಿದ ಗೋಡೆಯೊಳಗೆ ಹೋದ ಜಾಗದಲ್ಲಿ, ಸ್ಕ್ರೂಡ್ರೈವರ್ ಹಿಡಿವರೆಗೂ ಒಳಗೆ ಹೋಯಿತು. ಅಜ್ಜಿ ದಿನಾ ಅದರ ಕೆಳಗೇ ಕೂತು ರೊಟ್ಟಿ ಬಡಿಯುತ್ತಿದ್ದರು.

ಅವತ್ತೇ ಆನಿಕೆ ಕೊಟ್ಟೆವು. ನಮ್ಮ ಕಾಲೇಜಿನ ಒಬ್ಬ ಸರ್‌ಗೆ ಫೋಟೋ, ಅಳತೆ ಕಳಿಸಿ ಕೇಳಿದೆ. ಅವರೂ ನೋಡಿ ಹೌದಂದ ಮೇಲೆ ತೀರ್ಮಾನ ಆಯಿತು. ಅಡುಗೆಮನೆ ಕೆಡವಿ ಹೊಸದು ಕಟ್ಟುವುದು. ಪಡಸಾಲೆಯ ಮೇಲಿನ ಹೆಚ್ಚುವರಿ ಮಣ್ಣು ಇಳಿಸಿ, ಹೊಸದಾಗಿ ಸವಳು ಮಣ್ಣು ಹಾಕಿ, ಕಂಬದ ಬುಡದ ಸಿಮೆಂಟ್ ಒಡೆದು, ಉಳಿಸಿಕೊಳ್ಳುವುದು.

"ಹಂಗಾರ ಎಷ್ಟ ವರ್ಸ?" ಅಂತ ಕಾಕಾ ಮತ್ತೆ ಕೇಳಿದರು.

"ವರ್ಸಕ್ಕೊಮ್ಮೆ ಮಳಿಗಿಂತ ಮೊದಲ ಮ್ಯಾಲ ಹತ್ತಿ ನೋಡಿದ್ರ ನಿಮ್ಮ ಮೊಮ್ಮಕ್ಕಳತನಕ. ನೋಡಲಿಲ್ಲಂದ್ರ ಹೇಳಾಕ ಆಗೂದಿಲ್ಲ ಕಾಕಾ" ಅಂದೆ.

ಈ ವರ್ಷ ಮೇ ತಿಂಗಳ ಕೊನೆಗೆ ಅವರೇ ಫೋನ್ ಮಾಡಿದ್ದರು. ಮಾಳಿಗೆ ಹತ್ತಿ ನೋಡಿದರಂತೆ, ದೋಣಿಗೆ ಪಾರಿವಾಳ ಗೂಡು ಕಟ್ಟಿತ್ತಂತೆ, ತೆಗೆದರಂತೆ. ನೀರು ಹರಿಯಲು ದಾರಿ ಆಯಿತು. ನಿಮ್ಮ ಊರಿನ ಮಾಳಿಗೆ ಮೇಲೆ ಕೊನೆಯ ಸಲ ಯಾರು ಹತ್ತಿದ್ದರು, ಮನೆಗೆ ಒಂದು ಫೋನ್ ಮಾಡಿ ಕೇಳಿ.